ಕೊರಳುಳ್ಳ ಒಲೆ

ಮನೆಯಲ್ಲಿ ಗ್ಯಾಸಿನ ಒಲೆ ಇಟ್ಟುಕೊಂಡು, ಸೌದೆ ಒಲೆಯ ಅಡಿಗೆಯ ರುಚಿಯನ್ನು ನೆನೆದು ನಿಟ್ಟುಸಿರು ಬಿಡುವ ಮಹನೀಯರು ನನಗೆ ಅನೇಕರು ಗೊತ್ತು. ಅವರಲ್ಲಿ ಹೆಚ್ಚಿನವರು ಗಂಡಸರು. ಗಂಡಸರಲ್ಲಿಯೂ ಹೆಚ್ಚಿನವರು ಬರೆಯುವ ಚಟವುಳ್ಳವರು. ನಾನೂ ಆ ಗುಂಪಿಗೆ ಸೇರಿದವನೇ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಲೆಯನ್ನು ಕುರಿತು ಹರಟೆಯೊಂದನ್ನು ಬರೆದು, ಅದರಲ್ಲಿ ಹೊಗೆಯ ಪರಿಮಳವನ್ನು ಎರಡು ಪುಟಗಳಷ್ಟು ಕೊಂಡಾಡಿದ್ದೆ. ವಿದ್ಯಾರ್ಥಿಗಳು ಮೆಚ್ಚಿಕೊಂಡರು, ಸಹೋದ್ಯೋಗಿಗಳೊಬ್ಬರು ಅದನ್ನು ತರಗತಿಯಲ್ಲಿ ಓದಿ ಹೇಳಿದರಂತೆ. ಆ ಹರಟೆಯನ್ನು ಈಗ ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಹಾಗೆ ಮಾಡಿಸಿದ್ದು ಮೆಕ್ಸಿಕೋ ದೇಶದ ಒಂದು ಮಣ್ಣಿನ ಒಲೆ.

ಅದರ ಹೆಸರು ಚಿಮಿನಿಯಾ. ೨೦೨೪ರ ಬೇಸಗೆಯ ರಜೆಯಲ್ಲಿ ತಾಯಿಯನ್ನು ಕರೆದುಕೊಂಡು ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಲಂಡನ್ನಿಗೆ ಪಶ್ಚಿಮದಲ್ಲಿರುವ ರೆಡಿಂಗ್ ಎಂಬ ಊರು. ನಮ್ಮಲ್ಲಿ ಬಿಸಿಲು ನೆತ್ತಿ ಸುಡುವ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿ ಸಂಜೆಯಾದರೆ ಕಂಬಳಿ ಬೇಕು. ಮನೆಯ ಹಿಂದೆ ಅಂಗೈಯಗಲದ ಹುಲ್ಲು, ಅದರ ಅಂಚಿನಲ್ಲಿ ಕಲ್ಲು ಹಾಸಿದ ಜಾಗ, ಅಲ್ಲಿ ಈ ಒಲೆ. ನೋಡಿದೊಡನೆ ನನಗೆ ನಗು ಬಂತು. ದೊಡ್ಡ ಗುಡಾಣದ ಹೊಟ್ಟೆ. ಹೊಟ್ಟೆಯ ಮುಂಭಾಗದಲ್ಲಿ ತೆರೆದ ಬಾಯಿ. ಮೇಲೆ ಹೂಜಿಯಂಥ ಕೊರಳು. ಕೆಳಗೆ ಮೂರು ಕಾಲಿನ ಕಬ್ಬಿಣದ ಪೀಠ. ಹಬ್ಬದ ಊಟ ಮುಗಿಸಿ ಕೈ ಕಟ್ಟಿ ಕುಳಿತ ಗೃಹಸ್ಥನೊಬ್ಬನ ಹಾಗೆ ಕಾಣುತ್ತಿತ್ತು. ಎತ್ತರ ನಾಲ್ಕು ಅಡಿ ಇದ್ದಿರಬಹುದು. ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ಈಚಿನ ದಶಕಗಳಲ್ಲಿ ಇದು ಸಾಮಾನ್ಯವಾಗಿದೆಯಂತೆ. ಸಂಜೆ ಹೊರಗೆ ಕೂರುವವರು ಮೈ ಕಾಯಿಸಿಕೊಳ್ಳುವುದಕ್ಕೆ, ಮನಸ್ಸಾದರೆ ಒಂದಿಷ್ಟು ಬೇಯಿಸಿಕೊಳ್ಳುವುದಕ್ಕೆ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ವಸ್ತುವಿಗಿಂತ ಮೊದಲು ಕಣ್ಣಿಗೆ ಬೀಳುವುದು ಶಬ್ದ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಶಬ್ದಕ್ಕೆ ಹೊಗೆಗೂಡು, ಬೆಂಕಿಯ ಗೂಡು ಎಂದಷ್ಟೇ ಅರ್ಥ. ಇಂಗ್ಲಿಷರು ಅದರ ಒಂದು ಸ್ವರವನ್ನು ತಿದ್ದಿಯೋ ಕೆಡಿಸಿಯೋ ತಮ್ಮ ಹಿತ್ತಿಲಿಗೆ ತಂದುಕೊಂಡಿದ್ದಾರೆ. ಸ್ಪೇನಿನವರಿಗೆ ಅದು ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್ನಿನಿಂದ, ಲ್ಯಾಟಿನ್ನಿಗೆ ಕುಲುಮೆ ಎಂಬ ಅರ್ಥದ ‘ಕಾಮಿನೋಸ್’ ಎಂಬ ಗ್ರೀಕ್ ಶಬ್ದದಿಂದ. ಅದೇ ಫ್ರೆಂಚ್ ಶಬ್ದ ಇಂಗ್ಲಿಷಿಗೆ ಹೋಗಿ ‘ಚಿಮ್ನಿ’ಯಾಯಿತು. ಅಲ್ಲಿಂದ ಅದು ನಮ್ಮ ಮನೆಗೂ ಬಂತು. ಆದರೆ ಬಂದು ಎಲ್ಲಿ ನೆಲೆಸಿತು ನೋಡಿ! ದೀಪದ ಗಾಜಿಗೆ ಚಿಮಣಿ ಎಂದೆವು. ಸೀಮೆ ಎಣ್ಣೆಗೆ ಚಿಮಣಿ ಎಣ್ಣೆ ಎಂದೆವು. ಕೊನೆಗೆ ಗಾಜೂ ಇಲ್ಲದೆ, ಕೊಳವೆಯೂ ಇಲ್ಲದೆ ಗೋಡೆಗೆಲ್ಲ ಮಸಿ ಬಳಿಯುತ್ತಿದ್ದ ತಗಡಿನ ಬುಡ್ಡಿಗೇ ಚಿಮಣಿ ಬುಡ್ಡಿ ಎಂದು ಹೆಸರಿಟ್ಟೆವು. ಹೊಗೆಯನ್ನು ಹೊರಗೆ ಕಳಿಸುವ ವಸ್ತುವಿನ ಹೆಸರು ಹೊಗೆ ಕಾರುವ ವಸ್ತುವಿಗೆ ಅಂಟಿಕೊಂಡಿತು. ಶಬ್ದ ಸಮುದ್ರ ದಾಟಿ ನಮ್ಮ ಅಡಿಗೆಮನೆಯ ಹೊಸ್ತಿಲವರೆಗೆ ಬಂತು, ಒಲೆಯ ಹತ್ತಿರಕ್ಕೆ ಮಾತ್ರ ಹೋಗಲಿಲ್ಲ. ತರಗತಿಯಲ್ಲಿ ಅರ್ಥವ್ಯತ್ಯಾಸವನ್ನು ಪಾಠ ಮಾಡುವಾಗ ಎಷ್ಟೋ ಉದಾಹರಣೆಗಳನ್ನು ಕೊಟ್ಟಿದ್ದೇನೆ. ಇದು ನನಗೆ ಹೊಳೆದಿರಲಿಲ್ಲ.

ಮೆಕ್ಸಿಕೋದ ಒಲೆಯ ಕಥೆಯಲ್ಲಿ ನಮಗೆ ಪರಿಚಿತವಾದುದು ಬಹಳ ಇದೆ. ಸ್ಪೇನಿನವರು ೧೫೨೧ರಲ್ಲಿ ಅಲ್ಲಿಯ ರಾಜಧಾನಿಯನ್ನು ಗೆಲ್ಲುವುದಕ್ಕೆ ಬಹು ಹಿಂದಿನಿಂದಲೂ ಆ ನಾಡಿನ ಹೆಂಗಸರು ನೆಲದ ಮೇಲೆ ಮೂರು ಕಲ್ಲುಗಳನ್ನಿಟ್ಟು, ಅವುಗಳ ಮೇಲೆ ‘ಕೊಮಾಲ್’ ಎಂಬ ಮಣ್ಣಿನ ಹೆಂಚನ್ನು ಕೂರಿಸಿ, ಮೆಕ್ಕೆಜೋಳದ ರೊಟ್ಟಿಯನ್ನು ಸುಡುತ್ತಿದ್ದರು. ಮೂರು ಕಲ್ಲಿನ ಒಲೆ ಎಂದರೆ ನಮ್ಮ ಯಾವ ಹಳ್ಳಿಯ ಹುಡುಗಿಗೂ ವಿವರಣೆ ಬೇಕಾಗದು. ಆಮೇಲೆ ಯಾವಾಗಲೋ, ಕುಂಬಾರನೊಬ್ಬನ ತಿಗರಿಯ ಮೇಲೆ, ಹೊಟ್ಟೆಯೂ ಕೊರಳೂ ಉಳ್ಳ ಈ ಒಲೆ ಹುಟ್ಟಿತು. ಮನೆಯ ಬಾಗಿಲ ಹತ್ತಿರ ಇಟ್ಟು ಚಳಿ ಕಾಯುತ್ತಿದ್ದರು, ಅಡಿಗೆಗೂ ಬಳಸುತ್ತಿದ್ದರು. ಹಾಲಿಸ್ಕೋ ಪ್ರಾಂತದ ತೊನಾಲಾ, ತ್ಲಾಕೆಪಾಕೆ ಎಂಬ ಊರುಗಳು ಇಂದಿಗೂ ಮಡಕೆ ಕುಡಿಕೆಗಳ ಕೆಲಸಕ್ಕೆ ಹೆಸರಾಗಿವೆ. ಈಗ ಬೀಡುಕಬ್ಬಿಣದಲ್ಲಿಯೂ ಉಕ್ಕಿನಲ್ಲಿಯೂ ಚಿಮಿನಿಯಾಗಳು ಬರುತ್ತವೆ. ಅವು ಗಟ್ಟಿ, ಮಳೆ ಗಾಳಿಗೆ ಹೆದರುವುದಿಲ್ಲ, ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ನನ್ನ ಮಟ್ಟಿಗೆ ಮಣ್ಣಿನದೇ ಚಿಮಿನಿಯಾ. ಕಬ್ಬಿಣದ್ದು ಕಾರ್ಖಾನೆಯ ಮರಿ.

ಮಣ್ಣಿನದಕ್ಕೆ ಉಪಚಾರ ಹೆಚ್ಚು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಅದನ್ನು ನಿಧಾನವಾಗಿ ಬೆಂಕಿಗೆ ಒಗ್ಗಿಸಬೇಕು. ಮೊದಲು ಹೊಟ್ಟೆಯ ತಳದಲ್ಲಿ ಮೂರು ನಾಲ್ಕು ಅಂಗುಲ ಮರಳನ್ನು ಹಾಸಬೇಕು. ಕೆಂಡ ನೇರವಾಗಿ ಮಣ್ಣಿಗೆ ತಗುಲಬಾರದು. ಮೊದಲ ದಿನ ಕಾಗದವೂ ನಾಲ್ಕು ಪುಳ್ಳೆಯೂ ಅಷ್ಟೆ. ಅದು ಉರಿದು ತಾನಾಗಿ ಆರಬೇಕು. ಮರುದಿನ ಸ್ವಲ್ಪ ಹೆಚ್ಚು. ಹೀಗೆ ಐದಾರು ಸಲ ಸಣ್ಣ ಉರಿಯನ್ನು ಉಂಡ ಮೇಲೆ ಅದು ದೊಡ್ಡ ಕೊರಡನ್ನು ತಾಳಿಕೊಳ್ಳುತ್ತದೆ. ಅವಸರ ಮಾಡಿದರೆ ಬಿರುಕು. ಉರಿಯುತ್ತಿರುವಾಗ ನೀರು ಸುರಿದರಂತೂ ಒಂದೇ ಸದ್ದಿಗೆ ಎರಡು ಹೋಳು. ಮಳೆಯಲ್ಲಿ ನೆನೆದ ಮಣ್ಣು ಚಳಿಗಾಲದಲ್ಲಿ ಇನ್ನೊಂದು ಅಪಾಯ: ಮಣ್ಣಿನ ರಂಧ್ರಗಳಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಸುಟ್ಟ ಮಣ್ಣು ಸೀಳುತ್ತದೆ. ಆದ್ದರಿಂದ ಅಲ್ಲಿಯವರು ಚಳಿಗಾಲ ಬಂದೊಡನೆ ಒಲೆಗೆ ಹೊದಿಕೆ ಹೊದಿಸುತ್ತಾರೆ, ಇಲ್ಲವೆ ಒಳಗೆ ತೆಗೆದಿಡುತ್ತಾರೆ. ಚಳಿ ಕಾಯಿಸುವ ಒಲೆಗೇ ಚಳಿಯ ಭಯ!

ಅದು ಕೆಲಸ ಮಾಡುವ ರೀತಿ ಸರಳವಾದುದು. ಬಿಸಿಯಾದ ಗಾಳಿ ಹಗುರ. ಅದು ಕೊರಳಿನಲ್ಲಿ ಮೇಲೇರುತ್ತದೆ. ಹಾಗೆ ಏರುವಾಗ ಹಿಂದೆ ಬಿಟ್ಟ ಜಾಗವನ್ನು ತುಂಬಲು ಬಾಯಿಯ ಕೆಳಭಾಗದಿಂದ ಹೊಸ ಗಾಳಿ ನುಗ್ಗುತ್ತದೆ; ಆ ಗಾಳಿ ಉರಿಯನ್ನು ಊದುತ್ತದೆ. ಕೊರಳು ಉದ್ದವಾದಷ್ಟೂ ಸೆಳೆತ ಹೆಚ್ಚು. ಅಂದರೆ ಊದುಗೊಳವೆ ಹಿಡಿದು ಕೆನ್ನೆ ಉಬ್ಬಿಸುವ ಕೆಲಸವನ್ನು ಬೆಂಕಿ ತಾನೇ ಮಾಡಿಕೊಳ್ಳುತ್ತದೆ. ಕಾವು ಬಾಯಿಯ ಮುಂದೆ ಕುಳಿತವರ ಕಡೆಗೆ, ಹೊಗೆ ಆಕಾಶದ ಕಡೆಗೆ. ಬಯಲಿನಲ್ಲಿ ಹಾಕಿದ ಬೆಂಕಿಯ ಸುತ್ತ ಕುಳಿತವರಿಗೆ ಗೊತ್ತು, ಗಾಳಿ ದಿಕ್ಕು ತಿರುಗಿದಾಗಲೆಲ್ಲ ಅವರೂ ಜಾಗ ತಿರುಗಬೇಕು. ಚಿಮಿನಿಯಾದ ಮುಂದೆ ಕುಳಿತವರು ಕುಳಿತೇ ಇರುತ್ತಾರೆ.

ಅಡಿಗೆಯ ವಿಷಯದಲ್ಲಿ ಮಾತ್ರ ಅದನ್ನು ಅತಿಯಾಗಿ ಹೊಗಳಲಾರೆ. ಉರಿ ಏಳುತ್ತಿರುವಾಗ ಅದರೊಳಗೆ ಪಾತ್ರೆ ಇಡಹೋದವನು ಮೂರ್ಖ. ಉರಿ ಇಳಿದು ಕೆಂಡವಾಗುವವರೆಗೆ ಒಂದು ಗಂಟೆ ಕಾಯಬೇಕು. ನಾವು ಬಾಯಿಯೊಳಗೆ ಕಬ್ಬಿಣದ ಜಾಲರಿ ಇಟ್ಟು ಬದನೆಕಾಯಿ ಸುಟ್ಟೆವು. ಕೆಂಡದ ಅಂಚಿನಲ್ಲಿ ಆಲೂಗಡ್ಡೆ ಹೂಳಿದೆವು. ಕಬ್ಬಿಣದ ಬಾಣಲೆಯನ್ನಿಟ್ಟು ಅಕ್ಕಿರೊಟ್ಟಿ ಮಾಡಲು ಹೋಗಿ ಒಂದು ಕಡೆ ಕರಿಕು, ಒಂದು ಕಡೆ ಹಸಿ ಎಂಬಂತೆ ಮಾಡಿಕೊಂಡೆವು. ಬದನೆಕಾಯಿಯ ಗೊಜ್ಜು ಮಾತ್ರ ದಿವ್ಯವಾಗಿತ್ತು. ಹತ್ತು ಜನರ ಅಡಿಗೆಗೆ ಈ ಬಾಯಿ ಸಾಲದು. ಒಂದೊಂದಾಗಿ ಸುಟ್ಟು, ಒಬ್ಬೊಬ್ಬರಿಗೆ ಕೊಟ್ಟು, ಮಾತನಾಡುತ್ತ ತಿನ್ನುವ ಅಡಿಗೆ ಅದರದು.

ನಾನು ಹೇಳಹೊರಟದ್ದು ಇದಲ್ಲ. ಮೊದಲ ಸಂಜೆ ನಾವೆಲ್ಲ ಬೆಂಕಿಯನ್ನು ನೋಡುತ್ತ ಕುಳಿತಿದ್ದೆವು. ಎಪ್ಪತ್ತು ದಾಟಿದ ನನ್ನ ತಾಯಿ ಬೆಂಕಿಯನ್ನು ನೋಡುತ್ತಿರಲಿಲ್ಲ. ಶಾಲಿನೊಳಗೆ ಕೈ ಸೇರಿಸಿಕೊಂಡು, ತಲೆ ಎತ್ತಿ, ಕೊರಳಿನ ತುದಿಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

“ಹೊಗೆಯೆಲ್ಲ ಮೇಲಕ್ಕೇ ಹೋಗ್ತದಲ್ಲೋ?”

“ಹೂಂ ಅಮ್ಮ. ಅದಕ್ಕೇ ಆ ಕೊಳವೆ ಇಟ್ಟಿರೋದು” ಎಂದ ತಮ್ಮ.

“ಇಷ್ಟೇನಾ?” ಎಂದರು ತಾಯಿ.

ಆಮೇಲೆ ಅವರು ಮಾತನಾಡಲಿಲ್ಲ. ತಮ್ಮನ ಹೆಂಡತಿ, “ಅತ್ತೆ, ಚಳಿಯಾದರೆ ಒಳಗೆ ಹೋಗೋಣ” ಎಂದಾಗ, “ಇರಮ್ಮ, ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ” ಎಂದರು.

ಹಾಸನದ ಕಡೆಯ ನಮ್ಮೂರಿನ ಮನೆಯಲ್ಲಿ ನನ್ನ ತಾಯಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೋಡೊಲೆಯ ಮುಂದೆ ಕುಳಿತವರು. ಆ ಒಲೆಯನ್ನು ಅವರೇ ಕಟ್ಟಿದ್ದರು. ಪ್ರತಿದಿನ ಬೆಳಿಗ್ಗೆ ಸಾರಿಸಿ ರಂಗೋಲೆಯ ಎಳೆ ಎಳೆಯುತ್ತಿದ್ದರು. ಮಳೆಗಾಲದಲ್ಲಿ ಹಸಿ ಸೌದೆ. ಊದಿ ಊದಿ ಕಣ್ಣು ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಹೊಗೆ ಹೋಗುವುದಕ್ಕೆ ಇದ್ದದ್ದು ಸೂರಿನಲ್ಲಿ ಒಂದು ಗವಾಕ್ಷಿ. ಅದು ಗಾಳಿ ಬಂದರೆ ಹೊಗೆಯನ್ನು ಒಳಕ್ಕೇ ತಳ್ಳುತ್ತಿತ್ತು. ಅವರು ಕೆಮ್ಮುತ್ತಿದ್ದದ್ದು ನನಗೆ ನೆನಪಿದೆ. ಆದರೆ ಆ ಕೆಮ್ಮು ಒಲೆಗೆ ಸಂಬಂಧಿಸಿದ್ದೆಂದು ನಾವು ಯಾರೂ ಎಣಿಸಿರಲಿಲ್ಲ. ಅದು ಅಮ್ಮನ ಕೆಮ್ಮು, ಅಪ್ಪನ ಸಿಟ್ಟು ಇದ್ದ ಹಾಗೆ, ಅವರ ಸ್ವಭಾವವೆಂದೇ ತಿಳಿದಿದ್ದೆವು. ಈಗ ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ. ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಇವರು ಬೀಡಿ ಸೇದುತ್ತಿದ್ದರೇ?” ಎಂದು. ಎರಡನೆಯ ಪ್ರಶ್ನೆಯೇ, “ಸೌದೆ ಒಲೆಯೇ?” ಎಂದು. ಮನೆಯೊಳಗಿನ ಹೊಗೆಯಿಂದ ೨೦೨೦ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂಥ ಸಂಖ್ಯೆಗಳನ್ನು ಓದಿ ಪುಟ ತಿರುಗಿಸುವುದು ನನಗೆ ಅಭ್ಯಾಸವಾಗಿತ್ತು. “ಇಷ್ಟೇನಾ?” ಎಂಬ ಮಾತಿನ ಪುಟವನ್ನು ಹಾಗೆ ತಿರುಗಿಸಲು ಆಗಲಿಲ್ಲ.

ಮಣ್ಣು ನಮ್ಮಲ್ಲಿ ಇರಲಿಲ್ಲವೆ? ಇತ್ತು. ಕುಂಬಾರರಿರಲಿಲ್ಲವೆ? ನಮ್ಮೂರಿನಲ್ಲಿಯೇ ಇದ್ದರು; ಮಾಡು ಹೊದಿಸಲು ಹೆಂಚು ಮಾಡಿಕೊಡುತ್ತಿದ್ದರು. ಬಿಸಿ ಗಾಳಿ ಮೇಲೇರುತ್ತದೆಂಬುದು ತಿಳಿದಿರಲಿಲ್ಲವೆ? ಮಡಕೆ ಸುಡುವ ಆವಿಗೆಗೆ ಹೇಗೆ ಬೆಂಕಿ ಇಡಬೇಕೆಂದು ಬಲ್ಲವರಿಗೆ ಅದನ್ನು ಯಾರು ಕಲಿಸಬೇಕು? ಹಾಗಿದ್ದರೆ ಒಲೆಗೇಕೆ ಎರಡು ಮೂರಡಿಯ ಕೊರಳು ಬರಲಿಲ್ಲ? ಹಿರಿಯರು ಕಾರಣ ಹೇಳುತ್ತಾರೆ: ಹೊಗೆ ಹುಲ್ಲು ಮಾಡಿನ ಹುಳುಗಳನ್ನು ಓಡಿಸುತ್ತಿತ್ತು, ಅಟ್ಟದ ಮೇಲಿನ ಬೀಜಗಳನ್ನು ಕಾಪಾಡುತ್ತಿತ್ತು, ಮಾಡಿನಿಂದ ಕೊಳವೆ ಹೊರಟರೆ ಕಿಡಿ ತಗುಲಿ ಮನೆಯೇ ಉರಿದೀತೆಂಬ ಭಯವಿತ್ತು. ಎಲ್ಲವೂ ನಿಜ. ಬೀಜ ಉಳಿಯಬೇಕಾದ್ದೂ ನಿಜ. ಆದರೆ ನಮ್ಮೂರಿನಲ್ಲಿ ಹುಲ್ಲು ಮಾಡು ಹೋಗಿ ಹೆಂಚು ಬಂತು, ಹೆಂಚು ಹೋಗಿ ತಾರಸಿ ಬಂತು. ಒಲೆ ಮಾತ್ರ ಹಾಗೆಯೇ ಇತ್ತು. ಮನೆ ಕಟ್ಟಿಸಿದವರು ಗಂಡಸರು. ಪಡಸಾಲೆಯ ಅಗಲ, ದೇವರ ಕೋಣೆಯ ದಿಕ್ಕು, ಬಾಗಿಲ ಕೆತ್ತನೆ ಇವೆಲ್ಲ ಚರ್ಚೆಗೆ ಬಂದವು. ಒಲೆಯ ಮುಂದೆ ಕೂರುವವರನ್ನು ಹೊಗೆಯ ವಿಷಯವಾಗಿ ಒಂದು ಮಾತು ಕೇಳಿದ್ದನ್ನು ನಾನು ಕಂಡಿಲ್ಲ. ಅವರೂ ಹೇಳಲಿಲ್ಲ. ಹೊಗೆ ಒಲೆಗೆ ಸಹಜವೆಂದು ಅವರೂ ನಂಬಿದ್ದರು. ಸಹಜವಲ್ಲ, ಮೂರಡಿ ಮಣ್ಣಿನ ಕೊಳವೆಯ ಮಾತು ಎಂಬುದು ತಿಳಿಯುವುದಕ್ಕೆ ನನ್ನ ತಾಯಿ ಸಮುದ್ರ ದಾಟಬೇಕಾಯಿತು.

ಕೇಳಿದವರೇ ಇಲ್ಲ ಎಂದರೆ ತಪ್ಪಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು ಹಳ್ಳಿಯ ಒಲೆಯನ್ನು ವಿಜ್ಞಾನಕ್ಕೆ ತಕ್ಕ ವಿಷಯವೆಂದು ಎಣಿಸಿದರು. ಅವರು ರೂಪಿಸಿದ ಅಸ್ತ್ರ ಒಲೆಗೆ ಮೂರು ಪಾತ್ರೆ ಇಡುವ ಜಾಗವೂ ಹೊಗೆ ಹೋಗುವ ಕೊಳವೆಯೂ ಇದ್ದವು, ಸೌದೆಯೂ ಉಳಿಯುತ್ತಿತ್ತು. ಎಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಅನೇಕ ಹಳ್ಳಿಗಳಲ್ಲಿ ಅದನ್ನು ಕಟ್ಟಿದರು. ಕೇಂದ್ರ ಸರ್ಕಾರದವರು ೧೯೮೩ರಲ್ಲಿ ಸುಧಾರಿತ ಒಲೆಗಳ ಯೋಜನೆಯನ್ನೇ ಹೊರಡಿಸಿದರು. ಆದರೆ ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ತೆಗೆಯಬೇಕು, ಒಡೆದರೆ ಹೊಸದು ಹಾಕಬೇಕು; ಅದಕ್ಕೆ ಬರುವವರಾರು? ಕಟ್ಟಿ ಹೋದವರು ತಿರುಗಿ ನೋಡದ ಕಡೆಗಳಲ್ಲಿ ಒಲೆ ಮತ್ತೆ ಹಳೆಯ ಒಲೆಯಾಯಿತು. ೨೦೧೬ರಲ್ಲಿ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸು ಬಂತು. ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಸಿಲಿಂಡರು ಬರಿದಾಗಿ ಕೈಯಲ್ಲಿ ಹಣವಿಲ್ಲದ ದಿನ, ಸ್ನಾನದ ನೀರು ಕಾಯಿಸುವ ಹೊತ್ತು, ಮದುವೆ ತಿಥಿಗಳ ಅಡಿಗೆ, ಇಲ್ಲೆಲ್ಲ ಸೌದೆ ಇನ್ನೂ ಉರಿಯುತ್ತಿದೆ, ಕೊರಳಿಲ್ಲದ ಒಲೆಯಲ್ಲಿಯೇ.

ಇಂಥ ದೇಶದಲ್ಲಿ ಕುಳಿತು ‘ಹೊಗೆಯ ಪರಿಮಳ’ ಎಂದು ಬರೆದೆನಲ್ಲ! ರಸಿಕರು ಆಕ್ಷೇಪಿಸಬಹುದು: ಸೌದೆಯ ಉರಿಯಲ್ಲಿ ಬೆಂದ ಹುಳಿಗೆ ಬೇರೆಯೇ ರುಚಿ ಇರುವುದು ಸುಳ್ಳೇ? ಸುಳ್ಳಲ್ಲ. ಆ ಬದನೆಕಾಯಿ ಗೊಜ್ಜಿಗೆ ನಾನು ಇಂದಿಗೂ ಸಾಕ್ಷಿ ಹೇಳಬಲ್ಲೆ. ಆದರೆ ಆ ರುಚಿ ಬಂದದ್ದು ಕೆಂಡದಿಂದ, ಸುಟ್ಟ ಸಿಪ್ಪೆಯಿಂದ. ಅಡಿಗೆ ಮಾಡಿದವರ ಶ್ವಾಸಕೋಶದೊಳಗೆ ಹೋದ ಹೊಗೆಯಿಂದ ಅಲ್ಲ. ಈ ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿ ನಾವು ಬರೆಯುವವರು ಬಹಳ ಕಾಲದಿಂದ ಮೋಸ ಮಾಡಿದ್ದೇವೆ. ಒಲೆಯ ಮೇಲೆ ಪ್ರಬಂಧ ಬರೆಯುವವನು ಮೊದಲು ಆಷಾಢದ ಒಂದು ಬೆಳಿಗ್ಗೆ ಹಸಿ ಸೌದೆ ಹೊತ್ತಿಸಿ ಬರಲಿ ಎಂದು ನಿಯಮ ಮಾಡಿದರೆ ನಮ್ಮ ಸಾಹಿತ್ಯಕ್ಕೆ ನಷ್ಟವೇನೂ ಆಗದು.

ಕೊರಳು ಹೊಗೆಯನ್ನು ನುಂಗಿಬಿಡುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ಅದು ಇಲ್ಲಿಯದನ್ನು ಅಲ್ಲಿಗೆ ಕಳಿಸುತ್ತದೆ, ಅಷ್ಟೆ. ಇದನ್ನು ಇಂಗ್ಲೆಂಡಿನವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಲಂಡನ್ನಿನ ಮನೆಮನೆಯ ಹೊಗೆಗೂಡುಗಳೂ ಕಾರ್ಖಾನೆಗಳೂ ಉಗುಳಿದ ಕಲ್ಲಿದ್ದಲ ಹೊಗೆ ೧೯೫೨ರ ಡಿಸೆಂಬರಿನಲ್ಲಿ ಐದು ದಿನ ಮಂಜಿನೊಡನೆ ಕೂಡಿ ಊರ ಮೇಲೆ ಕುಳಿತುಬಿಟ್ಟಿತು; ಸಾವಿರಾರು ಮಂದಿ ಸತ್ತರು; ೧೯೫೬ರಲ್ಲಿ ಶುದ್ಧ ಗಾಳಿಯ ಶಾಸನ ಬಂತು. ಈಗಲೂ ಅಲ್ಲಿ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ತೇವ ನೂರಕ್ಕೆ ಇಪ್ಪತ್ತನ್ನು ಮೀರಬಾರದೆಂದು ೨೦೨೧ರಿಂದ ನಿಯಮವಿದೆ. ತಮ್ಮ ತಂದ ಸೌದೆಯ ಚೀಲದ ಮೇಲೆ ಆ ಮುದ್ರೆ ಇತ್ತು. ಒಣ ಸೌದೆ ಹೊಗೆ ಕಡಿಮೆ ಕಾರುತ್ತದೆಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅದಕ್ಕೆ ಸರ್ಕಾರದ ಮುದ್ರೆ ಬೀಳಬಹುದೆಂಬುದು ಗೊತ್ತಿರಲಿಲ್ಲ. ಅಷ್ಟಾಗಿಯೂ ಪಕ್ಕದ ಮನೆಯವರು ಬಟ್ಟೆ ಒಣಗಲು ಹಾಕಿದ ದಿನ ತಮ್ಮ ಒಲೆ ಹೊತ್ತಿಸುತ್ತಿರಲಿಲ್ಲ.

ಬೆಂಗಳೂರಿನಲ್ಲಿಯೂ ಕೊಡಗಿನ ಕಡೆಯಲ್ಲಿಯೂ ಇದನ್ನು ತರಿಸಿ ಹೂದೋಟದಲ್ಲಿಡಬೇಕೆಂಬ ಆಸೆಯುಳ್ಳವರಿಗೆ ನನ್ನ ಮಾತು ಇಷ್ಟೆ: ಇಡಿ, ಸಂತೋಷ. ಗೋಡೆಯಿಂದ, ಚಪ್ಪರದಿಂದ ಹತ್ತಡಿ ದೂರ ಇಡಿ. ಮಹಡಿಯ ಮೊಗಸಾಲೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಹೊತ್ತಿಸಬೇಡಿ. ಅಲ್ಲಿ ಹೊಗೆ ಕಾಣದಿದ್ದರೂ ಕೆಂಡದಿಂದ ಏಳುವ ವಿಷದ ಗಾಳಿ ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಉರಿ ಕೊರಳಿನ ತುದಿಯಿಂದ ಹೊರಗೆ ಇಣುಕುವಷ್ಟು ಸೌದೆ ತುಂಬಬೇಡಿ. ಮತ್ತು ಆ ಒಲೆಯ ಮುಂದೆ ಆರಾಮಕುರ್ಚಿ ಹಾಕಿಕೊಂಡು ಕುಳಿತಿರುವಾಗ, ಮನೆಯ ಹಿಂದೆ ನಿಮ್ಮ ಕಾವಲುಗಾರನ ಹೆಂಡತಿ ಮೂರು ಇಟ್ಟಿಗೆಯ ಮೇಲೆ ಮುದ್ದೆಗೆ ಎಸರಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಾಳೆಯೇ ಎಂದು ಒಮ್ಮೆ ಎದ್ದು ನೋಡಿ ಬನ್ನಿ.

ಊರಿಗೆ ಹಿಂದಿರುಗಿದ ವಾರವೇ ತಾಯಿ, “ಬಚ್ಚಲೊಲೆಗೆ ಒಂದು ಕೊಳವೆ ಮಾಡಿಸೋ” ಎಂದರು. ಅಡಿಗೆಮನೆಯಲ್ಲಿ ಗ್ಯಾಸು ಬಂದು ವರ್ಷಗಳಾದರೂ ಹಂಡೆಯ ನೀರು ಇಂದಿಗೂ ಸೌದೆಯಲ್ಲಿಯೇ ಕಾಯುವುದು. ಕುಂಬಾರರ ಮನೆಗೆ ಹೋದೆ. ಅವರ ಮಗ ತಿಗರಿ ಬಿಟ್ಟು ಲಾರಿ ಓಡಿಸುತ್ತಾನೆ. ಹಾಸನದ ತಗಡಿನ ಕೆಲಸದವನಿಗೆ ಚಿತ್ರ ಬರೆದು ಕೊಟ್ಟೆ. ಅವನು, “ಸಾರ್, ಇದು ಬೇಕರಿಯವರು ಹಾಕಿಸ್ತಾರಲ್ಲ, ಅದೇ ತಾನೆ?” ಎಂದು ಅರ್ಧ ದಿನದಲ್ಲಿ ಮಾಡಿಕೊಟ್ಟ. ಕೂರಿಸಿ, ಸಂದಿಗೆ ಮಣ್ಣು ಮೆತ್ತಿ, ಒಲೆ ಹೊತ್ತಿಸಿದೆವು. ಹೊಗೆ ಅರ್ಧ ಮೇಲೆ ಹೋಯಿತು, ಅರ್ಧ ನಮ್ಮ ಮುಖಕ್ಕೆ ಬಂತು. ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಅವನ ಮನೇದು ಹಿಂಗೆ ಮಾಡ್ತಿರಲಿಲ್ಲ, ಇದರ ಕತ್ತು ಗಿಡ್ಡ ಆಯ್ತು” ಎಂದರು. ಹಾಗೆಯೇ ಆಗಿತ್ತು, ಮಾಡಿನ ಅಂಚಿಗಿಂತ ಕೆಳಗೆ ನಿಂತಿತ್ತು. ಇನ್ನೆರಡು ಅಡಿ ಸೇರಿಸಲು ಹೇಳಿ ಬಂದಿದ್ದೇನೆ. ಬರುವ ಭಾನುವಾರ ಹೋಗಿ ಕೂರಿಸಬೇಕು.